ಹ್ಯಾಂಡೋವರ್ ನಂತರದ ಹನ್ನೆರಡು ನಿಮಿಷ: ಎಮರ್ಜೆನ್ಸಿಯ ಹೊಸ ನರ್ಸ್‌ಗಳ ಕೈ ಪಳಗಿಸಿದ ನನ್ನ ಅನುಭವ

ಇಡೀ ದಿನದ ಕಾರ್ಯಾಗಾರ ಬಿಟ್ಟು, ಹ್ಯಾಂಡೋವರ್ (ಪಾಳಿ ಬದಲಾಗುವಾಗ ರೋಗಿಗಳನ್ನು ವಹಿಸಿಕೊಡುವುದು) ಮುಗಿದ ಕೂಡಲೇ ಹನ್ನೆರಡು ನಿಮಿಷ, ಒಂದು ಸಲಕ್ಕೆ ಇಬ್ಬರಿಗೆ, ಒಂದೇ ಕೆಲಸ ಎಂದಾಗ ‘ಅಷ್ಟರಲ್ಲಿ ಏನು ಕಲಿತಾರು?’ ಎಂದವರೇ ಹೆಚ್ಚು. ಸುಮಾರು ಮೂರು ತಿಂಗಳಲ್ಲಿ ಫಲ ಕಂಡಿತು. ತುರ್ತು ಔಷಧಿಗಳ ಕಾರ್ಟ್ ತೆರೆದು 1 ಮಿ.ಗ್ರಾಂ ಅಡ್ರಿನಲಿನ್ (ನಿಂತ ಹೃದಯಕ್ಕೆ ಕೊಡುವ ಮದ್ದು) ಸಿರಿಂಜಿಗೆ ಎಳೆದು ಕೊಟ್ಟು, 20 ಮಿ.ಲೀ. ದ್ರವದಿಂದ ಫ್ಲಶ್ ಮಾಡಿ (ಮದ್ದನ್ನು ಒಳಗೆ ತಳ್ಳಿ) ಮದ್ದು ಕೊಟ್ಟ ತೋಳನ್ನು ಎತ್ತಲು ಎರಡು ನಿಮಿಷ ಹಿಡಿಯುತ್ತಿದ್ದವರು ಈಗ ಒಂದು ನಿಮಿಷದ ಆಸುಪಾಸಿನಲ್ಲಿ ಮುಗಿಸುತ್ತಾರೆ. ಇದು ನನಗೆ ಹೆಮ್ಮೆಯ ವಿಷಯ.

ತಪ್ಪು ಕಂಡ ಕ್ಷಣವೇ ‘ನಿಲ್ಲಿ’ ಅನ್ನಬೇಕು. ಒಂದೇ ಮಾತಿನಲ್ಲಿ ತಿದ್ದಿ, ಹತ್ತು ಸೆಕೆಂಡ್ ಹಿಂದಿನಿಂದ ಮತ್ತೆ ಮಾಡಿಸಬೇಕು. ಎಲ್ಲ ಮುಗಿದ ಮೇಲೆ ಚರ್ಚಿಸಿದರೆ ಅಷ್ಟರಲ್ಲಿ ಕೈಗೆ ತಪ್ಪೇ ರೂಢಿಯಾಗಿರುತ್ತದೆ. ಸತತ ಮೂರು ಸಲ ಸರಿಯಾದರೆ ಮಾತ್ರ ಮುಂದಿನ ಕೆಲಸ.

ಹೆಚ್ಚು ದುಡ್ಡು ಹಾಳಾದದ್ದು ಕ್ಯಾನುಲಾ (ರಕ್ತನಾಳದೊಳಗೆ ಕೂರಿಸುವ ಸಣ್ಣ ಕೊಳವೆ) ಅಭ್ಯಾಸದಲ್ಲಿ. ಕೊಂಡು ತಂದ ಕೃತಕ ತೋಳಿನ ಚರ್ಮ ಒಂದೇ ಜಾಗದಲ್ಲಿ ಚುಚ್ಚಿಸಿಕೊಂಡು ಸೋರತೊಡಗಿತು. ಬದಲಿ ಚರ್ಮಕ್ಕೆ ತೋಳಿನ ಬೆಲೆಯ ಹೆಚ್ಚುಕಡಿಮೆ ಕಾಲು ಭಾಗ. ಆಮೇಲೆ ಸ್ಪಂಜಿನಲ್ಲಿ ಡ್ರಿಪ್ ಹಾಕುವ ಐವಿ ಸೆಟ್ಟಿನ ಟ್ಯೂಬ್ ಹೂತೆ. ಅದು ಇನ್ನೂ ಕೆಟ್ಟದ್ದು. ಟ್ಯೂಬ್ ಗಟ್ಟಿಯಾದ್ದರಿಂದ ಒತ್ತಿ ಚುಚ್ಚುವುದು ಅಭ್ಯಾಸವಾಗುತ್ತದೆ, ರೋಗಿಯಲ್ಲಿ ನಾಳದ ಹಿಂಗೋಡೆಯೂ ತೂತಾಗುತ್ತದೆ. ಕೊನೆಗೆ ಕೈಹಿಡಿದದ್ದು ಉದ್ದನೆಯ ಸಣ್ಣ ಬಲೂನು: ಕೆಂಪು ನೀರು ತುಂಬಿ, ಸ್ಪಂಜಿನ ಸೀಳಿನಲ್ಲಿ ಮಲಗಿಸಿ, ಮೇಲೆ ಕತ್ತರಿಸಿದ ಗ್ಲೌಸ್ ಎರಡು ಪದರ. ಬಿಗಿಯಾಗಿ ತುಂಬಿದರೆ ಚುಚ್ಚಿದೊಡನೆ ಒಡೆಯುತ್ತದೆ. ಎಷ್ಟು ಸಡಿಲ ಬಿಡಬೇಕೆಂಬುದು ನನ್ನ ಕೈಗುಟ್ಟು. ಲ್ಯಾಟೆಕ್ಸ್ (ಬಲೂನು, ಗ್ಲೌಸಿನ ರಬ್ಬರ್) ಅಲರ್ಜಿ ಯಾರಿಗಾದರೂ ಇದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಹಸಿರು ಬಣ್ಣದ 18 ಗೇಜ್ (ದಪ್ಪದ ಅಳತೆ) ಕ್ಯಾನುಲಾದಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ. ರಕ್ತ ಕಂಡ ಕೂಡಲೇ ಕ್ಯಾನುಲಾ ತಳ್ಳುತ್ತಾರೆ. ಸೂಜಿಯ ತುದಿ ಕ್ಯಾನುಲಾದ ತುದಿಗಿಂತ ಮುಂದಿರುತ್ತದೆ. ಸೂಜಿ ಒಳಗೆ ಹೋಗಿದ್ದರೂ ಕ್ಯಾನುಲಾ ಇನ್ನೂ ಹೊರಗೇ ಇರಬಹುದು. ಕೋನ ತಗ್ಗಿಸಿ, ಎರಡು ಮಿ.ಮೀ.ನಷ್ಟು ಒಟ್ಟಿಗೇ ಮುಂದೆ ಸರಿಸಿ, ಸೂಜಿ ಅಲುಗಾಡದಂತೆ ಹಿಡಿದು ಕ್ಯಾನುಲಾ ಮಾತ್ರ ಜಾರಿಸಬೇಕು. ಈ ಎರಡು ಮಿ.ಮೀ.ಗಾಗಿಯೇ ಒಂದಿಡೀ ವಾರ ಕೊಟ್ಟೆ.

ನಡುವೆ ಅಲ್ಟ್ರಾಸೌಂಡ್ ನೋಡಿಕೊಂಡು ಚುಚ್ಚುವ ಅಭ್ಯಾಸಕ್ಕೆಂದು ಜೆಲಾಟಿನ್ ಪ್ಯಾಡ್ ಮಾಡಿದೆ. ಬರೀ ಜೆಲಾಟಿನ್ ತೆರೆಯ ಮೇಲೆ ಕಪ್ಪಗೆ ಕಂಡು ಸೂಜಿ ತೀರಾ ಸುಲಭವಾಗಿ ಕಾಣುತ್ತದೆ. ಇಸಬ್ಗೋಲ್ ಬೆರೆಸಿದರೆ ಮಾಂಸದಂತೆ ಮಸುಕಾಗುತ್ತದೆ. ಆದರೆ ಸೆಕೆಗೆ ಕರಗುತ್ತದೆ, ಫ್ರಿಜ್‌ನಲ್ಲಿಟ್ಟರೂ ಬೂಷ್ಟು ಹಿಡಿಯುತ್ತದೆ.

ಎದೆ ಒತ್ತುವ ಸಿಪಿಆರ್‌ಗೆ ಮೊಬೈಲ್ ಮೆಟ್ರೊನೋಮ್ (ತಾಳ ಹಾಕುವ ಆ್ಯಪ್) ನಿಮಿಷಕ್ಕೆ 110ಕ್ಕೆ. 5-6 ಸೆಂ.ಮೀ. ಆಳ ಬೇಗ ಬರುತ್ತದೆ, ಒತ್ತಿದ ಮೇಲೆ ಎದೆ ಪೂರ್ತಿ ಮೇಲೇಳಲು ಬಿಡುವುದು ಬರುವುದಿಲ್ಲ. ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗುವಾಗಲೇ ಸಮಯ ಪೋಲು. ಮುಂದಿನವರು ಎದುರು ಬದಿಯಲ್ಲಿ ಕೈ ಚಾಚಿ ಸಿದ್ಧವಾಗಿ ನಿಂತಿರಬೇಕು.

ನಡೆಯಬಾರದ್ದೊಂದು ನಡೆಯಿತು: ಅಭ್ಯಾಸಕ್ಕೆಂದು ಇಟ್ಟಿದ್ದ, ಬಳಕೆಯ ಅವಧಿ ಮೀರಿದ ಆಂಪೂಲ್ (ಮದ್ದಿನ ಪುಟ್ಟ ಗಾಜಿನ ಸೀಸೆ) ಒಂದು ನಿಜವಾದ ಕಾರ್ಟ್‌ನ ಡ್ರಾಯರ್ ಸೇರಿತ್ತು. ಪುಣ್ಯಕ್ಕೆ ಬಳಕೆಗೆ ಮುಂಚೆಯೇ ಸಿಕ್ಕಿತು. ಆಗಿನಿಂದ ಅಭ್ಯಾಸದ ಪ್ರತಿ ವಸ್ತುವಿಗೂ ಕೆಂಪು ಟೇಪ್, ಬೇರೆಯೇ ಬೀಗದ ಪೆಟ್ಟಿಗೆ, ಮೊದಲೂ ಕೊನೆಗೂ ಎಣಿಕೆ. ಎಣಿಕೆ ತಾಳೆಯಾಗದೆ ಯಾರೂ ಜಾಗ ಬಿಡುವಂತಿಲ್ಲ.