ಫ್ರಿಡ್ಜ್ ರಿಪೇರಿಗೆ ಬಂದ ಕೊಲೆಗಾರ

ಸಿನಿಮಾ ಮಾಡಲು ಕೈಯಲ್ಲಿ ದುಡ್ಡು ಕಡಿಮೆ ಇತ್ತು. ಹಾಗಾಗಿ ಒಂದೇ ಮನೆ, ಮೂರೇ ಪಾತ್ರ ಅಂತ ಮೊದಲೇ ತೀರ್ಮಾನಿಸಿದ್ದೆ. ಕತೆ ಇಷ್ಟೇ: ಫ್ರಿಡ್ಜ್ ರಿಪೇರಿಯವನು ಬಾಗಿಲು ತಟ್ಟುತ್ತಾನೆ. ಮಾವನನ್ನು ಮುಗಿಸಲು ಸುಪಾರಿ ಕೊಟ್ಟ ಸೊಸೆ, ಬಂದವನೇ ಆ ಕೊಲೆಗಾರ ಅಂದುಕೊಳ್ಳುತ್ತಾಳೆ.

ಇಂಥ ಕತೆ ಬರೆಯುವಾಗ ಒಂದೇ ಪ್ರಶ್ನೆ ತಲೆ ತಿನ್ನುತ್ತದೆ. 'ನಾನು ಅವನಲ್ಲ' ಅಂದರೆ ಎಲ್ಲ ಮುಗಿಯಿತು, ಅಲ್ವಾ? ಯಾಕೆ ಹೇಳುವುದಿಲ್ಲ? ಮೊದಮೊದಲು ಅವನಿಗೆ ಗೊತ್ತೇ ಇಲ್ಲ. ಗೊತ್ತಾಗುವಷ್ಟರಲ್ಲಿ ಮುಂಗಡ ಜೇಬು ಸೇರಿರುತ್ತದೆ. ಅಲ್ಲಿಂದ ಮುಂದೆ ಆಸೆ ಅವನ ಬಾಯಿ ಕಟ್ಟುತ್ತದೆ, ಆಮೇಲೆ ಭಯ. ಗೊಂದಲ ಸುಮ್ನೆ ಆಕಸ್ಮಿಕವಾಗಿ ಬೆಳೆದರೆ ಬರೀ ನಗು. ಗೊತ್ತಿದ್ದೂ ಮನುಷ್ಯ ಅದನ್ನು ಬೆಳೆಸಿದಾಗ ಆ ನಗು ಕಪ್ಪಾಗುತ್ತದೆ. ನನಗೆ ಬೇಕಿದ್ದದ್ದು ಅದೇ.

ಪ್ರೇಕ್ಷಕರಿಗೆ ಮಾತ್ರ ನಿಜವನ್ನು ಆರಂಭದಲ್ಲೇ ಹೇಳಿಬಿಟ್ಟೆ. ಮುಚ್ಚಿಟ್ಟರೆ ಕೊನೆಗೆ ಒಂದೇ ಒಂದು ಅಚ್ಚರಿ ಸಿಗುತ್ತದೆ. ಹೇಳಿಬಿಟ್ಟರೆ ಪ್ರತಿ ಮಾತಿಗೂ ಎರಡು ಅರ್ಥ.

'ರಾತ್ರಿಯಿಡೀ ಗೊರಗೊರ ಸದ್ದು. ಇವತ್ತೇ ಮುಗಿಸಿಬಿಡಿ.'

'ಸದ್ದು ನಿಲ್ಲಿಸಿಯೇ ಹೋಗ್ತೀನಿ ಮೇಡಂ. ಬೇಕಾದ್ರೆ ಪೂರ್ತಿ ಬಿಚ್ಚೋಣ.'

ಸೊಸೆಯ ಮುಖ ಬಿಳಿಚಿಕೊಳ್ಳುತ್ತದೆ. ಇವನು ಸ್ಕ್ರೂಡ್ರೈವರ್ ಹುಡುಕುತ್ತಿದ್ದಾನೆ. ಈ ದೃಶ್ಯಕ್ಕೆ ಕ್ಲೋಸಪ್ ಇಡಲೇ ಇಲ್ಲ. ಇಬ್ಬರೂ ಒಂದೇ ಫ್ರೇಮಿನಲ್ಲಿದ್ದರೆ ಯಾರನ್ನು ನೋಡಬೇಕು ಅಂತ ನೋಡುವವರೇ ಆರಿಸಿಕೊಳ್ಳುತ್ತಾರೆ. ನಟರಿಗೆ ನಾನು ಹೇಳಿದ್ದು ಒಂದೇ: ನಗಿಸಬೇಡಿ. ಅವನಿಗೆ ಇದು ದಿನನಿತ್ಯದ ಕೆಲಸ, ಅವಳಿಗೆ ಜೀವದ ಪ್ರಶ್ನೆ. ಇಬ್ಬರೂ ಅದನ್ನು ನಂಬಿ ಮಾತಾಡಿದರೆ ಸಾಕು.

ಇನ್ನು ಶಬ್ದ. ಕತೆಯ ತುಂಬ ಫ್ರಿಡ್ಜ್ ಸದ್ದೇ ಇದ್ದರೂ ಶೂಟಿಂಗ್ ವೇಳೆ ಅದನ್ನು ಆಫ್ ಮಾಡಿದ್ದೆವು. ಮಾತಿನ ಕೆಳಗೆ ಆ ಗುಂಯ್‌ಗುಡುವಿಕೆ ಸೇರಿಕೊಂಡರೆ ಎಡಿಟಿಂಗ್‌ನಲ್ಲಿ ಪ್ರತಿ ಕಟ್‌ನಲ್ಲೂ ಸದ್ದು ಎಗರುತ್ತದೆ. ಅದನ್ನು ಬೇರೆಯಾಗಿ ರೆಕಾರ್ಡ್ ಮಾಡಿ ಆಮೇಲೆ ಸೇರಿಸಿದೆವು. ಸೌಂಡ್‌ನವರು ತಮ್ಮ ಗಾಡಿ ಕೀಲಿಯನ್ನು ಫ್ರಿಡ್ಜ್ ಒಳಗೇ ಇಡುತ್ತಿದ್ದರು. ಮನೆಗೆ ಹೋಗುವ ಮುಂಚೆ ಮತ್ತೆ ಆನ್ ಮಾಡಲು ಮರೆಯಬಾರದಲ್ಲ! ಈ ಕಸುಬಿನಲ್ಲಿ ಇದು ಹಳೇ ಉಪಾಯ.

ಎಡಿಟಿಂಗ್‌ನಲ್ಲಿ ಜಾಸ್ತಿ ಹೊತ್ತು ಹೋದದ್ದು ಮೌನಗಳ ಮೇಲೆ. ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ. ಸೊಸೆಯ ಮುಖವನ್ನು 12 ಫ್ರೇಮ್ ಹೆಚ್ಚು ಹಿಡಿದರೆ ಅರ್ಧ ಸೆಕೆಂಡ್. ಅವಳು ಏನು ಊಹಿಸಿಕೊಂಡಳು ಅಂತ ನೋಡುವವರಿಗೆ ಹೊಳೆಯಲು ಅಷ್ಟು ಹೊತ್ತು ಬೇಕು. ಅಂಥ ಕಡೆ ಸಂಗೀತ ಹಾಕಲಿಲ್ಲ. ಇಲ್ಲಿ ನಗಿ ಅಂತ ವಾದ್ಯ ಹೇಳಿಕೊಟ್ಟರೆ ಭಯ ಹೋಗಿಬಿಡುತ್ತದೆ.

ಕತೆ ಗೊತ್ತಿಲ್ಲದವರನ್ನು ಕೂರಿಸಿ ರಫ್ ಕಟ್, ಅಂದರೆ ಎಡಿಟಿಂಗ್‌ನ ಕಚ್ಚಾ ರೂಪ, ತೋರಿಸಿದೆ. ನಾನು ಪರದೆ ನೋಡಲಿಲ್ಲ, ಅವರನ್ನು ನೋಡಿದೆ. ಮುಂಗಡ ಎಣಿಸುವ ದೃಶ್ಯದಲ್ಲಿ ನಗುತ್ತಿದ್ದವರು ತಟ್ಟನೆ ಸುಮ್ಮನಾದರು. ಆ ದೃಶ್ಯದ ಒಂದು ಫ್ರೇಮನ್ನೂ ನಾನು ಮತ್ತೆ ಮುಟ್ಟಲಿಲ್ಲ.