ವೀರ ಸೈನಿಕನ ಚಿತ್ರ ಬಿಡಿಸೋ ಮೊದಲು ಗೋಡೆ ತಟ್ಟಿ ನೋಡಿ

ಆಗಸ್ಟ್ 15 ಹತ್ತಿರ ಬಂತು ಅಂದ್ರೆ ಕಲಬುರಗಿಯ ಯಾವುದಾದರೂ ಒಂದು ಯುವಕರ ಸಂಘಕ್ಕೆ ಗೋಡೆ ಮೇಲೆ ಸೈನಿಕನ ದೊಡ್ಡ ಚಿತ್ರ ಬರೆಸುವ ಆಸೆ ಹುಟ್ಟುತ್ತದೆ. ಒಳ್ಳೆಯ ಆಸೆ. ಆದರೆ ಆಗಸ್ಟ್ ಬೇಡ. ಮಳೆಗಾಲದಲ್ಲಿ ಗೋಡೆ ನೀರು ಕುಡಿದಿರುತ್ತದೆ, ಅದರ ಮೇಲೆ ಬಣ್ಣ ಹೊಡೆದರೆ ಗುಳ್ಳೆ ಎದ್ದು ಸೈನಿಕನ ಮುಖವೇ ಹಕ್ಕಳೆ ಹಕ್ಕಳೆಯಾಗಿ ಉದುರುತ್ತದೆ. ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವಕ್ಕೂ ಇದೇ ಮಾತು. ಏಪ್ರಿಲ್, ಮೇ ಅಂತೂ ಕೇಳಲೇಬೇಡಿ, ನಮ್ಮ 42 ಡಿಗ್ರಿ ಬಿಸಿಲಿಗೆ ಬಣ್ಣ ಬ್ರಷ್‌ನಲ್ಲೇ ಒಣಗುತ್ತದೆ. ದೀಪಾವಳಿ ಮುಗಿಸಿ ಶುರು ಮಾಡಿ. ಡಿಸೆಂಬರ್ 16ರ ವಿಜಯ ದಿವಸಕ್ಕೋ, ಜನವರಿ 15ರ ಸೇನಾ ದಿನಕ್ಕೋ ಆರಾಮಾಗಿ ಮುಗಿಯುತ್ತದೆ.

ಯಾವ ಗೋಡೆ? ಕೋಟೆ ಗೋಡೆ ಎಷ್ಟೇ ದೊಡ್ಡದಾಗಿ ಕಂಡರೂ ಅದರ ತಂಟೆಗೆ ಹೋಗಬೇಡಿ. ಅದು ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ, ದೇಶಭಕ್ತಿ ಚಿತ್ರ ಅಂತ ರಿಯಾಯಿತಿ ಸಿಗುವುದಿಲ್ಲ. ಶಾಲೆ ಕಾಂಪೌಂಡ್, ಉದ್ಯಾನದ ಗೋಡೆ, ಸೇತುವೆ ಕೆಳಗಿನ ಗೋಡೆ, ಇವು ಸರಿ. ಯಾರ ಗೋಡೆಯೋ ಅವರಿಂದ ಬರಹದಲ್ಲಿ ಅನುಮತಿ ತಗೊಳ್ಳಿ. ಸಾರ್ವಜನಿಕರಿಗೆ ಕಾಣುವ ಜಾಗದಲ್ಲಿ ಒಪ್ಪಿಗೆ ಇಲ್ಲದೆ ಬರೆಯುವುದು 1981ರ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆಯಡಿ ತಪ್ಪು. "ಮಾಡ್ಕೊಳ್ರಿ, ಯಾರ್ ಕೇಳ್ತಾರ" ಅಂದ ಮಾತು ಮುಂದೆ ಕೆಲಸಕ್ಕೆ ಬರುವುದಿಲ್ಲ.

ಆಮೇಲೆ ಗೋಡೆಯನ್ನು ಬೆರಳ ಗೆಣ್ಣಿಂದ ತಟ್ಟುತ್ತಾ ಹೋಗಿ. ಟೊಳ್ಳು ಸದ್ದು ಬಂದ ಕಡೆ ಪ್ಲಾಸ್ಟರ್ ಬಿಟ್ಟಿದೆ ಅಂತ ಅರ್ಥ, ಅಷ್ಟು ಕಿತ್ತು ಹೊಸದು ಹಾಕಿಸಿ. ನಮ್ಮದು ಎರೆಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ತಳಪಾಯ ಆಳ ಇಲ್ಲದ ಕಾಂಪೌಂಡ್ ಗೋಡೆ ಅದರ ಜೊತೆಗೇ ಏಳುತ್ತದೆ, ಇಳಿಯುತ್ತದೆ. ಓರೆಯಾಗಿ ಮೆಟ್ಟಿಲು ಮೆಟ್ಟಿಲಾಗಿ ಬಿರುಕು ಬಿಟ್ಟಿದ್ದರೆ ಆ ಗೋಡೆ ಬಿಟ್ಟುಬಿಡಿ, ಪುಟ್ಟಿ ಮೆತ್ತಿದರೂ ಮುಂದಿನ ವರ್ಷ ಮತ್ತೆ ಅಲ್ಲೇ ಬಾಯಿ ಬಿಡುತ್ತದೆ. ಬರೀ ಶಹಾಬಾದ್ ಫರ್ಸಿ, ಅಂದರೆ ಚಪ್ಪಡಿ ಕಲ್ಲು, ಜೋಡಿಸಿ ಕಟ್ಟಿದ ಗೋಡೆಯಾದರೆ ಪ್ಲಾಸ್ಟರ್ ಇಲ್ಲದೆ ಆಗುವುದಿಲ್ಲ. ಹೊಸ ಪ್ಲಾಸ್ಟರ್‌ಗೆ 28 ದಿನ ಬಿಡಿ. ಹಳೇ ಸುಣ್ಣ ಇದ್ದರೆ ಪೂರ್ತಿ ಕೆರೆದು ತೆಗೆಯಿರಿ, ಅದರ ಮೇಲೆ ಯಾವ ದುಬಾರಿ ಬಣ್ಣವೂ ನಿಲ್ಲುವುದಿಲ್ಲ. ಬಿಳಿ ಪುಡಿ ಏಳುತ್ತಿದ್ದರೆ ಒಣ ಬ್ರಷ್‌ನಿಂದ ಉಜ್ಜಿ, ತೇವ ಎಲ್ಲಿಂದ ಬರುತ್ತಿದೆ ಅಂತ ಮೊದಲು ಹುಡುಕಿ. ಸಾಮಾನ್ಯವಾಗಿ ಹಿಂದೆ ಒಂದು ನಲ್ಲಿ ಇರುತ್ತದೆ.

ಈಗ ಮುಖ್ಯ ವಿಷಯ: ಏನು ಬರೆಸುತ್ತೀರಿ? ಎದೆ ಉಬ್ಬಿಸಿ ಬಂದೂಕು ಹಿಡಿದ ಸೈನಿಕ, ಹಿಂದೆ ಹುಲಿ, ಮೇಲೆ ಬೆಂಕಿ. ಇದು ಎಲ್ಲ ಊರಲ್ಲೂ ಇದೆ. ಯಾರು ಅಂತ ಕೇಳಿದರೆ ಯಾರಿಗೂ ಗೊತ್ತಿಲ್ಲ. ಒಬ್ಬ ವ್ಯಕ್ತಿ, ಒಂದು ಘಟನೆ ಆರಿಸಿಕೊಳ್ಳಿ. ಪರಮವೀರ ಚಕ್ರ ಸಿಕ್ಕಿದ್ದು ಈವರೆಗೆ 21 ಜನರಿಗೆ ಮಾತ್ರ. ಅದರಲ್ಲಿ ರಾಮ ರಾಘೋಬಾ ರಾಣೆ ನಮ್ಮ ಕಾರವಾರದ ಹತ್ತಿರದ ಚೆಂಡಿಯಾದಲ್ಲಿ ಹುಟ್ಟಿದವರು. ಸೇನೆಯ ಎಂಜಿನಿಯರ್ ಪಡೆಯಾದ ಬಾಂಬೆ ಸ್ಯಾಪರ್ಸ್‌ನ ಸೆಕೆಂಡ್ ಲೆಫ್ಟಿನೆಂಟ್. 1948ರ ಏಪ್ರಿಲ್‌ನಲ್ಲಿ ಜಮ್ಮುವಿನ ನೌಶೇರಾದಿಂದ ರಜೌರಿಗೆ ಹೊರಟ ಪಡೆಗೆ ದಾರಿಯಲ್ಲಿ ಹೂತಿದ್ದ ಮೈನ್ ತೆಗೆದು, ಅಡ್ಡ ಹಾಕಿದ ಮರ ಸರಿಸಿ ದಾರಿ ಮಾಡಿಕೊಟ್ಟರು. ಗಾಯವಾಗಿದ್ದರೂ ಟ್ಯಾಂಕಿನ ಅಡಿಯಲ್ಲಿ ಅದರ ಜೊತೆಗೇ ತೆವಳುತ್ತಾ, ಚಾಲಕನಿಗೆ ಹಗ್ಗ ಎಳೆದು ಸನ್ನೆ ಮಾಡುತ್ತಾ ಹೋದರು. ಚಿತ್ರಕ್ಕೆ ಇದಕ್ಕಿಂತ ಬೇಕಾ? ಟ್ಯಾಂಕಿನ ಚಕ್ರಪಟ್ಟಿ, ಅದರ ಕೆಳಗೆ ಒಬ್ಬ ಮನುಷ್ಯ, ಕೈಯಲ್ಲಿ ಹಗ್ಗ. ಬಂದೂಕೇ ಬೇಡ. ಅವರ ಹೆಸರಿನ ಮುಂದೆ 'ಹುತಾತ್ಮ' ಅಂತ ಮಾತ್ರ ಬರೆಸಬೇಡಿ, ಅವರು 1994ರವರೆಗೆ ಬದುಕಿದ್ದರು. ಎಲ್ಲ ವೀರರನ್ನೂ ಹುತಾತ್ಮ ಮಾಡಿಬಿಡುವ ಚಟ ನಮಗೆ ಜಾಸ್ತಿ.

ನಿಮ್ಮ ಓಣಿಯ ಸೈನಿಕರದ್ದೇ ಬರೆಸುವುದಾದರೆ ಮನೆಯವರನ್ನು ಕೇಳಿ, ಸ್ಕೆಚ್ ತೋರಿಸಿ, ಅವರು "ಮೂಗು ಹೀಗಿರಲಿಲ್ಲ" ಅಂದರೆ ತಿದ್ದಿಸಿ. ಪದಕದ ವಿವರವನ್ನು ರಕ್ಷಣಾ ಸಚಿವಾಲಯದ ಶೌರ್ಯ ಪ್ರಶಸ್ತಿಗಳ ವೆಬ್‌ಸೈಟ್‌ನಲ್ಲಿ ನೋಡಿ, ಅಥವಾ ಸೈನಿಕ ಕಲ್ಯಾಣ ಇಲಾಖೆಯವರನ್ನು ಕೇಳಿ. ವೀರ ಚಕ್ರ ಬೇರೆ, ಶೌರ್ಯ ಚಕ್ರ ಬೇರೆ: ಮೊದಲನೆಯದು ಯುದ್ಧದಲ್ಲಿ ಶತ್ರುವಿನ ಎದುರು ತೋರಿದ ಶೌರ್ಯಕ್ಕೆ, ಎರಡನೆಯದು ಶಾಂತಿಕಾಲದ ಶೌರ್ಯಕ್ಕೆ. ಪರಮವೀರ ಚಕ್ರದ ರಿಬ್ಬನ್ ಪೂರ್ತಿ ನೇರಳೆ. ಮಹಾವೀರ ಚಕ್ರದ್ದು ಅರ್ಧ ಬಿಳಿ, ಅರ್ಧ ಕೇಸರಿ. ಅಶೋಕ ಚಕ್ರದ್ದು ಹಸಿರು, ನಡುವೆ ಒಂದು ಕೇಸರಿ ಗೆರೆ.

ಪೇಂಟರ್ ಫೋಟೋವನ್ನು ನೆಟ್‌ನಿಂದ ತೆಗೆಯುತ್ತಾರಲ್ಲ, ಅಲ್ಲಿ ಕಣ್ಣಿಡಿ. ಎಷ್ಟೋ ಸಲ ಅದು ಅಮೆರಿಕದ ಸೈನಿಕನ ಫೋಟೋ ಆಗಿರುತ್ತದೆ. 1948ರ ಸೈನಿಕನಿಗೆ 2022ರಲ್ಲಿ ಬಂದ ಡಿಜಿಟಲ್ ಪ್ಯಾಟರ್ನ್ ಯೂನಿಫಾರ್ಮ್ ತೊಡಿಸುತ್ತಾರೆ. ಇನ್ನೊಂದು: ಶೌರ್ಯ ಪದಕ ಇರುವುದು ಎಡ ಎದೆಯ ಮೇಲೆ, ಅಂದರೆ ಎದುರು ನಿಂತು ನೋಡುವ ನಮಗೆ ಬಲಕ್ಕೆ. ಜಾಗಕ್ಕೆ ಹೊಂದಲಿ ಅಂತ ಫೋಟೋ ತಿರುಗಿಸಿದರೆ ಪದಕ ಸೈನಿಕನ ಬಲ ಎದೆಗೆ ಹೋಗಿಬಿಡುತ್ತದೆ, ಮಾಜಿ ಸೈನಿಕರ ಕಣ್ಣಿಗೆ ಮೊದಲು ಬೀಳುವುದೇ ಅದು.

ಧ್ವಜ ಬರೆಸಿದರೆ ಉದ್ದ ಅಗಲ 3:2 ಇರಲಿ, ಚಕ್ರಕ್ಕೆ 24 ಅರ, ಧ್ವಜದ ಮೇಲೆ ಸಂಘದ ಹೆಸರು ಬೇಡವೇ ಬೇಡ. ನಾಲ್ಕು ಸಿಂಹದ ಲಾಂಛನವನ್ನು ಅಲಂಕಾರಕ್ಕೆ ಬಳಸಬೇಡಿ, ಅದಕ್ಕೂ 2005ರ ಕಾಯ್ದೆ ಇದೆ.

ಬಳಿಯುವ ಕೆಲಸ ಸುಲಭ. ಒಂದು ಕೋಟ್ ಹೊರಗೋಡೆ ಪ್ರೈಮರ್, ಅದರ ಮೇಲೆ ಅಕ್ರಿಲಿಕ್ ಎಮಲ್ಷನ್. ಎರಡು ಕೋಟ್‌ಗೆ ಲೀಟರಿಗೆ ಸುಮಾರು 50 ಚದರ ಅಡಿ ಬರುತ್ತದೆ, ಒರಟು ಗೋಡೆಗೆ ಇನ್ನೂ ಕಡಿಮೆ. ಸ್ಕೆಚ್ ಮೇಲೆ ಚೌಕ ಹಾಕಿ, ಗೋಡೆ ಮೇಲೆ ದಾರ ಹೊಡೆದು ಅಷ್ಟೇ ಸಂಖ್ಯೆಯ ದೊಡ್ಡ ಚೌಕ ಹಾಕಿ, ಒಂದೊಂದನ್ನೇ ನೋಡಿ ಬರೆಯಿರಿ. ಪ್ರೊಜೆಕ್ಟರ್ ಸಿಕ್ಕರೆ ಒಂದೇ ರಾತ್ರಿಯಲ್ಲಿ ಗೆರೆ ಮುಗಿಯುತ್ತದೆ. ಆಲಿವ್ ಹಸಿರು ಬೇಕಾದರೆ ಹಳದಿ ಆಕ್ಸೈಡ್‌ಗೆ ಚೂರೇ ಚೂರು ಕಪ್ಪು ಬೆರೆಸಿ, ಅಂಗಡಿಯ ಗಿಳಿ ಹಸಿರಿಗಿಂತ ಚೆನ್ನಾಗಿರುತ್ತದೆ, ಬಿಸಿಲಿಗೂ ತಡೆಯುತ್ತದೆ. ಮಿಂಚು ಬಣ್ಣಗಳು ನಮ್ಮ ಬಿಸಿಲಿಗೆ ಬೇಗ ಸಪ್ಪೆಯಾಗುತ್ತವೆ.

ಕೆಳಗಿನ ಮೂರು ಅಡಿ ಬಿಟ್ಟು ಮೇಲಿಂದ ಚಿತ್ರ ಶುರು ಮಾಡಿ. ಆ ಪಟ್ಟಿಗೆ ರೆಡ್ ಆಕ್ಸೈಡ್ ಬಣ್ಣ ಸಾಕು. ಯಾಕೆ ಅಂತ ಹೇಳಬೇಕಾ? ಗುಟ್ಕಾ ಉಗುಳುವವರಿಗೆ ಯಾವ ಚಕ್ರವೂ ಲೆಕ್ಕಕ್ಕಿಲ್ಲ. ಹೆಸರು, ವರ್ಷ, ಪದಕ, ಏನು ಮಾಡಿದರು ಅಂತ ಎರಡು ಸಾಲು ಕಣ್ಣೆತ್ತರಕ್ಕೆ ಬರೆಸಿ. ದಾನಿಗಳ ಪಟ್ಟಿ ಮೂಲೆಯಲ್ಲಿ ಚಿಕ್ಕದಾಗಿರಲಿ, ಸೈನಿಕನ ಹೆಸರಿಗಿಂತ ಕಾರ್ಪೊರೇಟರ್ ಹೆಸರು ದಪ್ಪ ಆಗಬಾರದು ಅಲ್ವಾ. ಎಲ್ಲ ಒಣಗಿದ ಮೇಲೆ ಒಂದು ಕೋಟ್ ಕ್ಲಿಯರ್ (ಬಣ್ಣವಿಲ್ಲದ ಪಾರದರ್ಶಕ ಲೇಪ) ಹೊಡೆಯಿರಿ, ಕೋಚಿಂಗ್ ಕ್ಲಾಸ್ ಪೋಸ್ಟರ್ ಅಂಟಿಸಿದರೂ ನೀರು ಹಾಕಿ ಕಿತ್ತರೆ ಬರುತ್ತದೆ. ಪ್ರತಿ ಬಣ್ಣವೂ ಅರ್ಧ ಲೀಟರ್ ಉಳಿಸಿ, ಡಬ್ಬಿ ಮೇಲೆ ಯಾವ ಭಾಗಕ್ಕೆ ಅಂತ ಬರೆದು ಶಾಲೆಯ ಸ್ಟೋರ್‌ರೂಮಿನಲ್ಲಿ ಇಡಿ, ಮುಂದಿನ ದೀಪಾವಳಿಗೆ ತೇಪೆ ಹಾಕಲು ಬೇಕಾಗುತ್ತದೆ.