ಹಾಲಿನ ಲೆಕ್ಕ ಬರೆಯೋಕೆ ಹೋಗಿ ರಿಟರ್ನ್ ಕಲಿತಿದ್ದು

ನಮ್ಮಮ್ಮ ಮೂರು ಮನೆಗೆ ವರ್ತನೆ ಹಾಲು ಹಾಕ್ತಾಳೆ, ಲೆಕ್ಕ ಎಲ್ಲ ಗೋಡೆ ಕ್ಯಾಲೆಂಡರ್ ಮೇಲೆ. ನಾನು ಆಗಷ್ಟೇ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಕಲಿಯೋಕೆ ಶುರು ಮಾಡಿದ್ದೆ, ಇದಕ್ಕೊಂದು ಪ್ರೋಗ್ರಾಂ ಬರೆದುಬಿಡೋಣ ಅಂತ ಕೂತೆ. ಒಂದು ಫಂಕ್ಷನ್ ಬರೆದೆ, ಅಂದ್ರೆ ಹೆಸರು ಹಿಡಿದು ಕರೆದಾಗೆಲ್ಲ ಓಡೋ ಕೋಡ್ ತುಂಡು. ಅದರ ಹೆಸರು ಬಿಲ್, ಒಳಗೆ ಕಳಿಸೋದು ಎರಡು, ಲೀಟರ್ ಮತ್ತು ದರ. (ಪೈಥಾನ್ 3ರಲ್ಲಿ ಹೆಸರುಗಳನ್ನ ಕನ್ನಡದಲ್ಲೇ ಇಡಬಹುದು, ನಾನು ಹಾಗೇ ಇಟ್ಟೆ, ಫಂಕ್ಷನ್ ಶುರು ಮಾಡೋ ಡೆಫ್, ಉತ್ತರ ವಾಪಸ್ ಕಳಿಸೋ ರಿಟರ್ನ್ ಥರದವು ಮಾತ್ರ ಇಂಗ್ಲಿಷಲ್ಲೇ ಇರ್ಬೇಕು.)

ಒಳಗೆ ಗುಣಿಸಿ ಪ್ರಿಂಟ್ ಮಾಡ್ದೆ. ಬಿಲ್(20, 50) ಅಂದ್ರೆ 1000 ಬಂತು, ಖುಷಿ. ಆಮೇಲೆ ಮೂರೂ ಮನೆದು ಉತ್ತರ ಇಟ್ಕೊಳ್ಳೋ ಡಬ್ಬಿ ಥರದ ಮೂರು ವೇರಿಯಬಲ್‌ಗೆ ಹಾಕ್ಕೊಂಡು ಕೂಡಿಸಿದ್ರೆ ಟೈಪ್‌ಎರರ್, ನನ್‌ಟೈಪ್ ಅಂತೇನೋ. ಸ್ಕ್ರೀನ್ ಮೇಲೆ 1000, 2000, 750 ಕಣ್ಣೆದುರಿಗೇ ಇದೆ, ಅದರ ಕೆಳಗೇ ಎರರ್, ಹಾಗಾಗಿ ಫಂಕ್ಷನ್ ಸರಿ ಇದೆ, ಕೂಡಿಸೋದ್ರಲ್ಲೇ ಏನೋ ತಪ್ಪು ಅಂತ ಒಂದು ಸಂಜೆ ಪೂರ್ತಿ ಅದನ್ನೇ ಕೆದಕಿದೆ. ಅಸಲಿಗೆ ಪ್ರಿಂಟ್ ನನಗೆ ತೋರಿಸ್ತಿತ್ತು ಅಷ್ಟೇ, ಕರೆದ ಜಾಗಕ್ಕೆ ಏನೂ ವಾಪಸ್ ಬರ್ತಿರ್ಲಿಲ್ಲ. ರಿಟರ್ನ್ ಬರೀದೇ ಇದ್ರೆ ಪೈಥಾನ್ ತಾನೇ ನನ್ (None, ಅಂದ್ರೆ 'ಏನೂ ಇಲ್ಲ') ಅನ್ನೋದನ್ನ ಕೊಟ್ಟು ಕೈತೊಳ್ಕೊಳ್ಳತ್ತೆ, ನನ್ನ ಮೂರೂ ವೇರಿಯಬಲ್‌ನಲ್ಲಿ ಇದ್ದಿದ್ದು ಅದೇ, ಅದನ್ನ ಕೂಡಿಸೋಕೆ ಆಗಲ್ಲ.

ಸರಿ, ರಿಟರ್ನ್ ಹಾಕ್ದೆ. ಈಗ ಬರೀ ಬಿಲ್(20, 50) ಅಂತ ಬರೆದ ಫೈಲ್ ಓಡಿಸಿದ್ರೆ ಸ್ಕ್ರೀನ್ ಖಾಲಿ! ಒಂದೊಂದೇ ಸಾಲು ಟೈಪ್ ಮಾಡಿ ಅಲ್ಲೇ ಓಡಿಸೋ ಶೆಲ್‌ನಲ್ಲಿ ನೇರ ಟೈಪ್ ಮಾಡಿದ್ರೆ ಮಾತ್ರ 1000 ಕಾಣತ್ತೆ, ಯಾಕಂದ್ರೆ ಶೆಲ್ ವಾಪಸ್ ಬಂದಿದ್ದನ್ನ ತಾನಾಗೇ ತೋರಿಸತ್ತೆ, ಫೈಲ್‌ನಲ್ಲಿ ಆ ಉಪಕಾರ ಇಲ್ಲ. ಮನೆ1 = ಬಿಲ್(20, 50) ಅಂತ ಹಿಡಿದಿಟ್ಕೊಂಡು ಆಮೇಲೆ ಪ್ರಿಂಟ್ ಮಾಡ್ಬೇಕು. ರಿಟರ್ನ್ ಕೆಳಗೆ ಪ್ರಿಂಟ್ ಹಾಕಿ ನೋಡಿದ್ದೂ ಆಯ್ತು, ಆ ಸಾಲಿಗೆ ಪ್ರೋಗ್ರಾಂ ಬರೋದೇ ಇಲ್ಲ.

ವಾಪಸ್ ಬಂದಿದ್ದನ್ನ ಹಿಡಿದಿಟ್ಕೊಳ್ಳದ ಇದೇ ತಪ್ಪು ಇನ್ನೊಂದು ವೇಷದಲ್ಲಿ ಬಂತು. ಲೀಟರ್‌ನ ಇನ್‌ಪುಟ್‌ನಿಂದ ತಗೊಂಡೆ, ಅದು ಟೈಪ್ ಮಾಡಿದ್ದನ್ನ ಸ್ಟ್ರಿಂಗ್ ಆಗಿ, ಅಂದ್ರೆ ಬರೀ ಅಕ್ಷರಗಳ ಸಾಲಾಗಿ ಕೊಡತ್ತೆ ಅಂತ ಗೊತ್ತಿತ್ತು, ಮುಂದಿನ ಸಾಲಲ್ಲಿ ಅದನ್ನ ಸಂಖ್ಯೆ ಮಾಡೋಕೆ ಇಂಟ್(ಲೀಟರ್) ಅಂತ ಬರೆದೆ, ಆದ್ರೆ ಬಂದ ಸಂಖ್ಯೆನ ಎಲ್ಲೂ ಇಟ್ಕೊಳ್ಳಲಿಲ್ಲ. ಲೀಟರ್ ಸ್ಟ್ರಿಂಗ್ ಆಗೇ ಉಳೀತು, 20ನ್ನ 50 ಸಲ ಪಕ್ಕಪಕ್ಕ ಬರೆದು ನೂರು ಅಂಕಿಯ ಬಿಲ್ಲು ಕೊಡ್ತು. ಅಷ್ಟು ದುಡ್ಡು ಬಂದಿದ್ರೆ ಹಸು ಯಾಕೆ ಸಾಕ್ಬೇಕಿತ್ತು.

ಕೊನೇ ತಪ್ಪಿಗೆ ಎರರ್ರೇ ಬರ್ಲಿಲ್ಲ. ಒಂದ್ಕಡೆ ಬಿಲ್(50, 20) ಅಂತ ಉಲ್ಟಾ ಕಳಿಸಿದ್ದೆ, ಗುಣಾಕಾರ ತಾನೇ, ಹೆಂಗಿದ್ರೂ 1000. ಆಮೇಲೆ ಅಮ್ಮ 30 ಲೀಟರ್ ಮೇಲೆ ತಗೊಂಡವ್ರಿಗೆ 50 ರೂಪಾಯಿ ಬಿಡು ಅಂದ್ಲು, ಅದನ್ನ ಸೇರಿಸಿದ್ದೇ ತಡ ಆ ಮನೆಗೆ 950 ಬಂತು. ಅಮ್ಮ ನೋಡಿದವ್ಳೇ "ಅವ್ರು ತಗೊಳ್ಳೋದು ಇಪ್ಪತ್ತೇ ಲೀಟರ್ ಕಣೋ, ಯಾಕೋ ಬಿಟ್ಟೆ?" ಅಂದ್ಲು. ಅವತ್ತಿಂದ ಬಿಲ್(ಲೀಟರ್=20, ದರ=50) ಅಂತ ಹೆಸರು ಹಿಡಿದೇ ಕಳಿಸೋದು. ಅಮ್ಮ ಮಾತ್ರ ಈಗ್ಲೂ ಕ್ಯಾಲೆಂಡರ್ ನೋಡಿ ತಾಳೆ ಹಾಕ್ದೆ ಚೀಟಿ ಕೊಡಲ್ಲ.